ಗ್ರಾಮೋದ್ಯೋಗದ ಆಚಾರ್ಯ ಕುಮಾರಪ್ಪ

ಹಾಸನ ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಗುಡ್ಡಸಾಲು ಹಬ್ಬಿದೆ. ಬಲ್ಲಾಳರಾಯನದುರ್ಗದ ಬಳಿ ಹುಟ್ಟಿದ ಹೇಮಾವತಿ ನದಿಯು ಸಕಲೇಶಪುರವನ್ನು ಹಾದು, ಪೂರ್ವಕ್ಕೆ ತಿರುಗಿ, ಗೊರೂರಿನ ಅಣೆಕಟ್ಟೆಯನ್ನು ಸೇರುತ್ತದೆ. ಗುಡ್ಡದ ನೆತ್ತಿಯಲ್ಲಿ ಹುಲ್ಲು, ಕಣಿವೆಯ ಮಡಿಲಲ್ಲಿ ಕಾಡು, ಇಳಿಜಾರಿನಲ್ಲಿ ಮರಗಳ ನೆರಳಿನಲ್ಲಿ ಬೆಳೆದ ಕಾಫಿಯ ತೋಟ, ತಗ್ಗಿನಲ್ಲಿ ಭತ್ತದ ಗದ್ದೆ, ಇದು ಈ ಸೀಮೆಯ ರೂಪ. ಇಲ್ಲಿನ ಒಂದು ತೋಟದ ಜಮಾಖರ್ಚಿನ ಪುಸ್ತಕವನ್ನು ತೆರೆದರೆ ಅದರಲ್ಲಿ ಆಳುಗಳ ಕೂಲಿ, ಗೊಬ್ಬರದ ಹಣ, ಮಾರಿದ ಕಾಫಿಯ ಬೆಲೆ ಇವೆಲ್ಲವೂ ಕಾಣಸಿಗುತ್ತವೆ. ಆದರೆ ಕಾಡು ಕೊಟ್ಟ ತಂಪು, ತರಗೆಲೆ ಕೊಳೆತು ಆದ ಮಣ್ಣಿನ ಸಾರ, ಬೇರುಗಳು ತಡೆದು ನಿಲ್ಲಿಸಿದ ಮಳೆಯ ನೀರು, ಹೂವಿನಿಂದ ಹೂವಿಗೆ ಹಾರಿದ ಜೇನು ಇವುಗಳಿಗೆ ಆ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಬರೆದಿಡದ ಮಾತ್ರಕ್ಕೆ ಅವು ಬೆಲೆಯಿಲ್ಲದ ವಸ್ತುಗಳಾಗುತ್ತವೆಯೆ? ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಕೇಳಿದ ಲೆಕ್ಕಪರಿಶೋಧಕರೊಬ್ಬರು ನಮ್ಮ ದೇಶದಲ್ಲಿದ್ದರು. ಅವರೇ ಜೆ. ಸಿ. ಕುಮಾರಪ್ಪ. ಅವರ ಕಾರ್ಯಕ್ಷೇತ್ರ ದೂರದ ವಾರ್ಧಾ. ಆದರೂ ಅವರು ತೋರಿದ ಲೆಕ್ಕದ ಕ್ರಮವನ್ನು ತಿಳಿಯಲು ಈ ಗುಡ್ಡಗಳಿಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಕುಮಾರಪ್ಪನವರು 1892ರ ಜನವರಿ 4ರಂದು ತಂಜಾವೂರಿನ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ಆಗ ಅವರಿಗೆ ಇಟ್ಟ ಹೆಸರು ಜೋಸೆಫ್ ಚೆಲ್ಲದುರೈ ಕಾರ್ನೀಲಿಯಸ್. ತಂದೆಯವರು ಸರ್ಕಾರದ ಲೋಕೋಪಯೋಗಿ ಇಲಾಖೆಯ ನೌಕರರು. ಮನೆಯಲ್ಲಿ ಶಿಸ್ತು, ಇಂಗ್ಲಿಷ್ ವಿದ್ಯಾಭ್ಯಾಸ, ದೈವಭಕ್ತಿ ಇವು ನೆಲೆಸಿದ್ದವು. ಮದರಾಸಿನಲ್ಲಿ ಓದು ಮುಗಿಸಿದ ತರುಣ ಇಂಗ್ಲೆಂಡಿಗೆ ತೆರಳಿ ಲಂಡನ್ನಿನಲ್ಲಿ ಲೆಕ್ಕಪರಿಶೋಧನೆಯ ತರಬೇತಿ ಪಡೆದರು. ಅಲ್ಲಿಯೇ ಕೆಲಕಾಲ ವೃತ್ತಿ ನಡೆಸಿದರು. 1919ರಲ್ಲಿ ತಾಯಿಯ ಇಚ್ಛೆಯಂತೆ ಸ್ವದೇಶಕ್ಕೆ ಹಿಂದಿರುಗಿ, ಮುಂದೆ ಮುಂಬಯಿಯಲ್ಲಿ ಸ್ವಂತ ಲೆಕ್ಕಪರಿಶೋಧನಾ ಸಂಸ್ಥೆಯನ್ನು ಕಟ್ಟಿದರು. ವಿದೇಶಿ ಉಡುಪು, ವಿದೇಶಿ ರೀತಿನೀತಿ, ಕೈತುಂಬ ಸಂಪಾದನೆ ಇವುಗಳ ನಡುವೆ ಅವರ ಜೀವನ ಸುಖವಾಗಿ ಸಾಗಿತ್ತು. ಬ್ರಿಟಿಷರ ಆಳಿಕೆ ದೇಶಕ್ಕೆ ಒಳಿತನ್ನೇ ಮಾಡಿದೆ ಎಂಬ ನಂಬಿಕೆಯೂ ಆಗ ಅವರಲ್ಲಿತ್ತು.

ಈ ನಂಬಿಕೆಯನ್ನು ಅಲುಗಿಸಿದ್ದು ಅವರ ಅಮೆರಿಕ ಪ್ರವಾಸ. 1927ರಲ್ಲಿ ಅಮೆರಿಕಕ್ಕೆ ಹೋದ ಅವರು ಸಿರಾಕ್ಯೂಸ್ ವಿಶ್ವವಿದ್ಯಾನಿಲಯದಿಂದ ವ್ಯವಹಾರ ನಿರ್ವಹಣೆಯಲ್ಲಿ ಪದವಿ ಪಡೆದು, ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ಸಾರ್ವಜನಿಕ ಹಣಕಾಸಿನ ಪ್ರಸಿದ್ಧ ವಿದ್ವಾಂಸ ಸೆಲಿಗ್‌ಮನ್ ಅವರ ಗುರುಗಳಾದರು. ಭಾರತದ ಬಡತನಕ್ಕೆ ಕಾರಣವೇನೆಂಬುದನ್ನು ಕುರಿತು ಕುಮಾರಪ್ಪನವರು ಒಂದು ಸಭೆಯಲ್ಲಿ ಮಾಡಿದ ಭಾಷಣದ ವರದಿ ಪತ್ರಿಕೆಯಲ್ಲಿ ಬಂದಿತು. ಅದನ್ನು ಓದಿದ ಗುರುಗಳು ಆ ವಿಷಯವನ್ನೇ ಪ್ರಬಂಧಕ್ಕೆ ಆರಿಸಿಕೊಳ್ಳುವಂತೆ ಸೂಚಿಸಿದರು. ಸರ್ಕಾರದ ಆಯವ್ಯಯದ ಅಂಕಿಅಂಶಗಳನ್ನು ಲೆಕ್ಕಿಗನ ಕಣ್ಣಿನಿಂದ ಶೋಧಿಸುತ್ತ ಹೋದಂತೆ ಸತ್ಯವು ಅವರಿಗೆ ಗೋಚರವಾಯಿತು. ರೈತನಿಂದ ವಸೂಲಾದ ಕಂದಾಯ ರೈತನಿಗೆ ಹಿಂದಿರುಗುತ್ತಿರಲಿಲ್ಲ. ಸೈನ್ಯಕ್ಕೂ ಸಾಲದ ಬಡ್ಡಿಗೂ ವಿದೇಶಿ ಅಧಿಕಾರಿಗಳ ಸಂಬಳಕ್ಕೂ ಅದು ಹರಿದುಹೋಗುತ್ತಿತ್ತು. ಒಳಗಿನಿಂದ ತೆಗೆದದ್ದನ್ನು ಮರಳಿ ತುಂಬದೆ ಹೋದರೆ ಯಾವ ಭಂಡಾರವಾದರೂ ಬರಿದಾಗುವುದೆಂಬ ಸರಳ ಸತ್ಯ ಅವರ ಚಿಂತನೆಯ ಬುನಾದಿಯಾಯಿತು.

1929ರಲ್ಲಿ ಹಿಂದಿರುಗಿದ ಕುಮಾರಪ್ಪನವರು ತಮ್ಮ ಪ್ರಬಂಧವನ್ನು ಪ್ರಕಟಿಸುವ ಸಲುವಾಗಿ ಗಾಂಧೀಜಿಯವರನ್ನು ಕಾಣಬಯಸಿದರು. ಮೇ ತಿಂಗಳ 9ರಂದು ಸಾಬರಮತಿ ಆಶ್ರಮಕ್ಕೆ ಹೋದಾಗ ಮರದ ಕೆಳಗೆ, ಸಗಣಿ ಸಾರಿಸಿದ ನೆಲದ ಮೇಲೆ ಕುಳಿತು ನೂಲುತ್ತಿದ್ದ ಮುದುಕರೊಬ್ಬರು ಕಂಡರು. ಅವರೇ ಗಾಂಧೀಜಿ ಎಂಬುದು ತಿಳಿಯಲು ಕೆಲವು ನಿಮಿಷ ಹಿಡಿಯಿತು. ಬೆಲೆಬಾಳುವ ಉಡುಪಿನಲ್ಲಿದ್ದ ಕುಮಾರಪ್ಪನವರು ಕುರ್ಚಿಗಾಗಿ ಕಾಯದೆ ನೆಲದ ಮೇಲೆಯೇ ಕುಳಿತರು. ಗಾಂಧೀಜಿಯವರು ಆ ಪ್ರಬಂಧವನ್ನು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚುಹಾಕಲು ಒಪ್ಪಿದರು. ಜೊತೆಗೆ ಗುಜರಾತಿನ ಹಳ್ಳಿಗಳ ಆರ್ಥಿಕ ಸ್ಥಿತಿಯನ್ನು ಸಮೀಕ್ಷೆ ಮಾಡಿಕೊಡುವಂತೆ ಕೇಳಿದರು. ಗುಜರಾತಿ ಭಾಷೆ ಬಾರದಿದ್ದರೂ ಕುಮಾರಪ್ಪನವರು ಆ ಹೊಣೆಯನ್ನು ಹೊತ್ತರು. ಕಾರ್ನೀಲಿಯಸ್ ಎಂಬ ಹೆಸರನ್ನು ಬದಿಗಿಟ್ಟು ಕುಮಾರಪ್ಪ ಎಂಬ ಮನೆತನದ ಹಳೆಯ ಹೆಸರನ್ನು ತಳೆದರು. ಖಾದಿಯನ್ನು ಉಟ್ಟರು.

ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕರೆದುಕೊಂಡು ಅವರು ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಹಳ್ಳಿಗಳಲ್ಲಿ ಸಂಚರಿಸಿದರು. ಪ್ರತಿ ಮನೆಯ ಹೊಲವೆಷ್ಟು, ದನವೆಷ್ಟು, ಸಾಲವೆಷ್ಟು, ಬಾವಿಯಲ್ಲಿ ನೀರೆಷ್ಟು ಎಂದು ವಿಚಾರಿಸಿ ಬರೆದುಕೊಂಡರು. ಇಷ್ಟೊಂದು ವಿವರವಾದ ಗ್ರಾಮ ಸಮೀಕ್ಷೆ ಆ ಕಾಲಕ್ಕೆ ಅಪರೂಪದ್ದಾಗಿತ್ತು. ದೊಡ್ಡ ಪುಸ್ತಕಗಳಲ್ಲಿ ಕಾಣದ ಅರ್ಥಶಾಸ್ತ್ರವನ್ನು ಅವರು ರೈತನ ಜಗುಲಿಯಲ್ಲಿ ಕಲಿತರು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಗಿ ನಾಯಕರು ಒಬ್ಬೊಬ್ಬರಾಗಿ ಸೆರೆಮನೆಗೆ ಹೋದಾಗ ‘ಯಂಗ್ ಇಂಡಿಯಾ’ ಪತ್ರಿಕೆಯ ಬರವಣಿಗೆಯ ಭಾರ ಕುಮಾರಪ್ಪನವರ ಮೇಲೆ ಬಿದ್ದಿತು. ತಮ್ಮ ತೀಕ್ಷ್ಣವಾದ ಲೇಖನಗಳಿಗಾಗಿ ಅವರೂ ಸೆರೆವಾಸ ಅನುಭವಿಸಿದರು.

1934ರ ಜನವರಿಯಲ್ಲಿ ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ಪರಿಹಾರ ನಿಧಿಯ ಲೆಕ್ಕಪತ್ರವನ್ನು ನೋಡಿಕೊಳ್ಳಲು ಕುಮಾರಪ್ಪನವರು ನೇಮಕಗೊಂಡರು. ನಿಧಿಯ ಒಂದೊಂದು ಕಾಸೂ ಸಂತ್ರಸ್ತರಿಗೇ ಸೇರಬೇಕೆಂಬುದು ಅವರ ನಿಯಮ. ಬಿಹಾರಕ್ಕೆ ಬಂದಿದ್ದ ಗಾಂಧೀಜಿಯವರ ಪರಿವಾರದ ಖರ್ಚನ್ನೂ ಅವರು ಆ ನಿಧಿಯಿಂದ ಕೊಡಲು ಒಪ್ಪಲಿಲ್ಲವಂತೆ. ಗಾಂಧೀಜಿಯವರು ಇದಕ್ಕೆ ಬೇಸರಪಡಲಿಲ್ಲ. ಇಂಥವರ ಕೈಯಲ್ಲಿ ದೇಶದ ಕೆಲಸವನ್ನು ನಿಶ್ಚಿಂತೆಯಿಂದ ಒಪ್ಪಿಸಬಹುದೆಂದು ಅರಿತರು.

ಅದೇ ವರ್ಷದ ಕೊನೆಯಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ಸ್ಥಾಪನೆಯಾಯಿತು. ಕುಮಾರಪ್ಪನವರು ಅದರ ಕಾರ್ಯದರ್ಶಿಗಳಾದರು. ವಾರ್ಧಾದ ಮಗನ್‌ವಾಡಿ ಸಂಘದ ನೆಲೆಯಾಯಿತು. ಗಾಣದಲ್ಲಿ ಎಣ್ಣೆ ತೆಗೆಯುವುದು, ಕೈಯಿಂದ ಕಾಗದ ಮಾಡುವುದು, ಭತ್ತ ಕುಟ್ಟುವುದು, ಬೆಲ್ಲ ಕಾಯಿಸುವುದು, ಜೇನು ಸಾಕುವುದು, ಸಾಬೂನು ತಯಾರಿಸುವುದು ಇಂತಹ ಕಸುಬುಗಳನ್ನು ಅಲ್ಲಿ ಶಾಸ್ತ್ರೀಯವಾಗಿ ಪರೀಕ್ಷಿಸಿ ಸುಧಾರಿಸಿದರು. ಸೀಮೆಎಣ್ಣೆಯ ಬದಲು ಹಳ್ಳಿಯ ಗಾಣದ ಎಣ್ಣೆಯಿಂದ ಉರಿಯುವ ‘ಮಗನ್ ದೀಪ’ವೆಂಬ ಲಾಂದ್ರವೂ ಅಲ್ಲಿ ರೂಪುಗೊಂಡಿತು. ಹೊರಗಿನವರಿಗೆ ಇದು ಸಣ್ಣ ಸಂಗತಿಯಾಗಿ ಕಂಡಿರಬಹುದು. ಆದರೆ ಕುಮಾರಪ್ಪನವರ ದೃಷ್ಟಿಯಲ್ಲಿ ಆ ಪುಟ್ಟ ದೀಪದ ಹಿಂದೆ ದೊಡ್ಡ ತತ್ತ್ವವಿತ್ತು.

ಆ ತತ್ತ್ವವನ್ನು ಅವರು ವಿಸ್ತಾರವಾಗಿ ಬರೆದದ್ದು ಸೆರೆಮನೆಯಲ್ಲಿ. 1942ರ ಚಳವಳಿಯ ಕಾಲದಲ್ಲಿ ಬಂಧಿತರಾಗಿ ಜಬಲ್‌ಪುರದ ಸೆರೆಮನೆಯಲ್ಲಿದ್ದಾಗ ಅವರು ‘ಎಕಾನಮಿ ಆಫ್ ಪರ್ಮನೆನ್ಸ್’ ಎಂಬ ಗ್ರಂಥವನ್ನು ರಚಿಸಿದರು. ಶಾಶ್ವತವಾಗಿ ಬಾಳಬಲ್ಲ ಅರ್ಥವ್ಯವಸ್ಥೆ ಎಂಬುದು ಆ ಹೆಸರಿನ ತಾತ್ಪರ್ಯ. 1945ರಲ್ಲಿ ಗಾಂಧೀಜಿಯವರು ಅದಕ್ಕೆ ಮುನ್ನುಡಿ ಬರೆದರು. ಪ್ರಕೃತಿಯ ಸಂಪತ್ತು ಎರಡು ಬಗೆಯದೆಂದು ಕುಮಾರಪ್ಪನವರು ವಿವರಿಸಿದರು. ಕಲ್ಲಿದ್ದಲು, ಕಲ್ಲೆಣ್ಣೆ, ಲೋಹದ ಅದಿರು ಇವು ಕೂಡಿಟ್ಟ ಸಂಪತ್ತು. ತೆಗೆದಷ್ಟೂ ಕರಗುತ್ತವೆ, ಮತ್ತೆ ತುಂಬುವುದಿಲ್ಲ. ಹರಿಯುವ ನೀರು, ಬೆಳೆಯುವ ಮರ, ವರ್ಷವರ್ಷವೂ ಫಲ ಕೊಡುವ ಭೂಮಿ ಇವು ಹರಿಯುವ ಸಂಪತ್ತು. ಮಿತವರಿತು ಬಳಸಿದರೆ ಎಂದಿಗೂ ಬತ್ತುವುದಿಲ್ಲ. ಕೂಡಿಟ್ಟ ಸಂಪತ್ತನ್ನೇ ನೆಚ್ಚಿದ ರಾಷ್ಟ್ರಗಳು ಅದು ಮುಗಿಯುತ್ತ ಬಂದಂತೆ ಪರರ ಗಣಿಗಳ ಮೇಲೆ ಕಣ್ಣಿಡುತ್ತವೆ. ಅಲ್ಲಿಂದ ಯುದ್ಧ ಹುಟ್ಟುತ್ತದೆ. ಹರಿಯುವ ಸಂಪತ್ತನ್ನು ನೆಚ್ಚಿದ ಸಮಾಜವು ನೆರೆಯವರೊಡನೆ ಶಾಂತಿಯಿಂದ ಬಾಳಬಲ್ಲದು. ಮಗನ್ ದೀಪದ ಹಿಂದಿದ್ದ ತತ್ತ್ವ ಇದೇ.

ಮನುಷ್ಯನ ದುಡಿಮೆಯ ರೀತಿಗಳನ್ನು ಅವರು ಪ್ರಾಣಿಗಳ ಬಾಳಿನಿಂದ ಉದಾಹರಣೆ ಕೊಟ್ಟು ಐದು ಮೆಟ್ಟಿಲುಗಳಾಗಿ ವಿಂಗಡಿಸಿದರು. ಹುಲಿಯು ಇನ್ನೊಂದು ಪ್ರಾಣಿಯನ್ನು ಕೊಂದು ತಿನ್ನುತ್ತದೆ. ಇದು ತೀರ ಕೆಳಗಿನ ಮೆಟ್ಟಿಲು. ಮಂಗವು ತೋಪಿಗೆ ನುಗ್ಗಿ ತಾನು ನೆಡದ ಹಣ್ಣನ್ನು ಕಿತ್ತುಕೊಳ್ಳುತ್ತದೆ. ಕೊಲ್ಲದಿದ್ದರೂ ಅದು ಏನನ್ನೂ ಹಿಂದಿರುಗಿಸುವುದಿಲ್ಲ. ಹಕ್ಕಿಯು ತನ್ನ ಗೂಡನ್ನು ತಾನೇ ಕಟ್ಟಿಕೊಂಡು ತನ್ನ ಶ್ರಮದ ಫಲವನ್ನು ಅನುಭವಿಸುತ್ತದೆ. ಜೇನುಹುಳು ತನಗಾಗಿ ದುಡಿಯದೆ ಇಡೀ ಹುಟ್ಟಿಗಾಗಿ ದುಡಿಯುತ್ತದೆ. ತಾಯಿಹಕ್ಕಿಯು ಯಾವ ಪ್ರತಿಫಲವನ್ನೂ ಬಯಸದೆ ಮರಿಗೆ ಗುಟುಕು ಕೊಡುತ್ತದೆ. ಇದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು. ಲಾಭವೊಂದನ್ನೇ ಗುರಿಯಾಗುಳ್ಳ ಬಂಡವಾಳಶಾಹಿ ವ್ಯವಸ್ಥೆಯು ಮನುಷ್ಯನನ್ನು ಮೊದಲ ಎರಡು ಮೆಟ್ಟಿಲುಗಳಲ್ಲಿಯೇ ನಿಲ್ಲಿಸುತ್ತದೆ ಎಂಬುದು ಅವರ ಆಕ್ಷೇಪಣೆ.

ಈ ವಿಚಾರವನ್ನು ನಮ್ಮ ಗುಡ್ಡಗಳಿಗೆ ಅನ್ವಯಿಸಿ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಐರೋಪ್ಯ ತೋಟಗಾರರು ಮಂಜರಾಬಾದಿಗೆ, ಎಂದರೆ ಇಂದಿನ ಸಕಲೇಶಪುರದ ಸೀಮೆಗೆ ಬಂದರು. ಬೇಗ ಲಾಭ ಪಡೆಯುವ ಆತುರದಲ್ಲಿ ಕಾಡನ್ನು ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟವರುಂಟು. 1860ರ ದಶಕದಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಮೈಸೂರು ಮತ್ತು ಕೊಡಗಿನ ಅನೇಕ ತೋಟಗಳು ಹಾಳಾದವು. ಮರದ ನೆರಳಿಲ್ಲದೆ ಇಲ್ಲಿ ಕಾಫಿ ಬಾಳದೆಂಬ ಪಾಠವನ್ನು ಪ್ರಕೃತಿಯೇ ಕಲಿಸಿತು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ ಎಂಬಾತ 1894ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನೆರಳುಮರಗಳ ಮಹತ್ತ್ವವನ್ನು ವಿವರವಾಗಿ ಬರೆದಿದ್ದಾನೆ. ಅತ್ತಿ, ಬಸರಿ, ಗೋಣಿ, ಹಾಲವಾಣ ಮೊದಲಾದ ಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ತೇವದ ತಗ್ಗಿನಲ್ಲಿ ಏಲಕ್ಕಿ ಎಂಬ ಕ್ರಮ ಇಲ್ಲಿ ನೆಲೆಗೊಂಡಿತು. ಜಮಾಖರ್ಚಿನ ಪುಸ್ತಕದಲ್ಲಿ ಮರಕ್ಕೆ ಸ್ಥಾನವಿರಲಿಲ್ಲ. ಆದರೆ ಮರ ಹೋದಾಗ ಪುಸ್ತಕದಲ್ಲಿದ್ದ ಲಾಭವೂ ಹೋಯಿತು. ಕುಮಾರಪ್ಪನವರು ಹೇಳಿದ ಲೆಕ್ಕ ಇಂಥದು.

ವಸ್ತುವಿನ ಬೆಲೆಯಲ್ಲಿ ನೀತಿಯೂ ಅಡಗಿದೆ ಎಂದು ಅವರು ತಿಳಿದಿದ್ದರು. ಒಂದು ಸರಕನ್ನು ಕೊಂಡವನು ಅದು ತಯಾರಾದ ಸ್ಥಿತಿಗತಿಗೂ ಹೊಣೆಗಾರ. ದುಡಿದವನಿಗೆ ಹೊಟ್ಟೆತುಂಬ ಕೂಲಿ ಸಿಕ್ಕಿತೆ, ನೆಲಕ್ಕೆ ಹಾನಿಯಾಯಿತೆ ಎಂಬುದನ್ನು ಆತ ಅರಿಯಬೇಕು. ಮಾರುಕಟ್ಟೆ ದೂರವಾದಷ್ಟೂ ಈ ಅರಿವು ಮಸುಕಾಗುತ್ತದೆ. ಆದ್ದರಿಂದ ನಿತ್ಯದ ಅಗತ್ಯಗಳು ಸಾಧ್ಯವಾದಷ್ಟೂ ಸುತ್ತಲಿನ ಸೀಮೆಯಲ್ಲಿಯೇ ಪೂರೈಕೆಯಾಗಬೇಕು ಎಂದರು. ಕಾಫಿ ಬೆಳೆಗಾರನಿಗೆ ಈ ಮಾತಿನ ಅರ್ಥ ಬೇಗ ಹೊಳೆಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಐರೋಪ್ಯ ಮಾರುಕಟ್ಟೆ ಮುಚ್ಚಿಹೋದಾಗ ಕಾಫಿಯನ್ನು ಕೇಳುವವರೇ ಇಲ್ಲದಂತಾಯಿತು. ಆಗ 1942ರ ಕಾಯಿದೆಯಂತೆ ಎಲ್ಲರ ಬೆಳೆಯನ್ನೂ ಒಂದೆಡೆ ಸೇರಿಸಿ ಮಾರಿ ಹಣ ಹಂಚುವ ಏರ್ಪಾಡು ಕಾಫಿ ಮಂಡಳಿಯ ಮೂಲಕ ಬಂದಿತು. 1990ರ ದಶಕದಲ್ಲಿ ಆ ಏರ್ಪಾಡು ಕೊನೆಗೊಂಡು ಬೆಳೆಗಾರರು ಮುಕ್ತ ಮಾರುಕಟ್ಟೆಗೆ ಬಂದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನ ಕಾಫಿಯ ಬೆಲೆ ಕುಸಿದಾಗ ಸಕಲೇಶಪುರದ ಸಣ್ಣ ಬೆಳೆಗಾರನೂ ತೋಟದ ಕೂಲಿಯಾಳೂ ಕಷ್ಟಕ್ಕೆ ಒಳಗಾದರು. ಅವರ ದುಡಿಮೆ ಕಡಿಮೆಯಾಗಿರಲಿಲ್ಲ. ಬೆಲೆಯನ್ನು ಕಟ್ಟುವ ಕೈ ಅವರಿಂದ ಬಹುದೂರದಲ್ಲಿತ್ತು.

ಇದಕ್ಕೆ ಪರಿಹಾರವಾಗಿ ಕುಮಾರಪ್ಪನವರು ಸಮತೋಲದ ಬೇಸಾಯವನ್ನು ಸೂಚಿಸಿದ್ದರು. ಒಂದು ಲಕ್ಷ ಜನರಿರುವ ಸೀಮೆಯನ್ನು ಮಾದರಿಯಾಗಿ ಇಟ್ಟುಕೊಂಡು, ಅವರ ಪುಷ್ಟಿಕರವಾದ ಊಟಕ್ಕೂ ಬಟ್ಟೆಗೂ ಯಾವ ಬೆಳೆ ಎಷ್ಟು ಎಕರೆ ಬೇಕೆಂದು ಪಟ್ಟಿ ಮಾಡಿದ್ದರು. ಮೊದಲು ಅನ್ನ, ಬಳಿಕ ಹಣದ ಬೆಳೆ ಎಂಬುದು ಅದರ ಸಾರ. ಅರಣ್ಯದ ವಿಷಯದಲ್ಲಿಯೂ ಅವರ ನಿಲುವು ಸ್ಪಷ್ಟವಾಗಿತ್ತು. ಕಾಡನ್ನು ಸರ್ಕಾರದ ವರಮಾನದ ಮೂಲವೆಂದು ಎಣಿಸದೆ ಜನರ ಅಗತ್ಯಕ್ಕಾಗಿ ಕಾಪಾಡಬೇಕೆಂದರು. ಕಾಡಿನ ಲೆಕ್ಕ ತಪ್ಪಿದರೆ ಏನಾಗುವುದೆಂಬುದನ್ನು ಇಂದು ಈ ಸೀಮೆಯಲ್ಲಿ ಕಾಣಬಹುದು. ಓಡಾಡುವ ನೆಲೆ ಕಿರಿದಾದ ಆನೆಗಳು ಗದ್ದೆತೋಟಗಳಿಗೆ ಇಳಿದು ಬೆಳೆಗೂ ಜೀವಕ್ಕೂ ಹಾನಿಯಾಗುತ್ತಿದೆ. 2014ರ ಸುಮಾರಿಗೆ ಆಲೂರು ಮತ್ತು ಸಕಲೇಶಪುರ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರೂ ಸಂಕಟ ಮುಗಿಯಲಿಲ್ಲ. 2018ರ ಆಗಸ್ಟ್ ತಿಂಗಳ ಭಾರಿ ಮಳೆಯಲ್ಲಿ ಗುಡ್ಡ ಕುಸಿದು ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ಘಟ್ಟದ ರೈಲುಮಾರ್ಗ ಹಲವು ಕಾಲ ಮುಚ್ಚಿತ್ತು.

ಕುಮಾರಪ್ಪನವರು ಎಲ್ಲ ಯಂತ್ರಗಳನ್ನೂ ದ್ವೇಷಿಸಿದವರೆಂದು ಕೆಲವರು ತಿಳಿದರು. ಇದು ಸರಿಯಲ್ಲ. ವಿದ್ಯುತ್ತು, ರೈಲು, ದೊಡ್ಡ ಯಂತ್ರಗಳ ತಯಾರಿಕೆ ಇಂತಹ ಕೆಲವು ಉದ್ಯಮಗಳು ದೊಡ್ಡ ಪ್ರಮಾಣದಲ್ಲಿ ನಡೆಯಬೇಕಾದೀತೆಂದು ಅವರು ಒಪ್ಪಿದ್ದರು. ಅವು ಖಾಸಗಿ ಲಾಭಕ್ಕೆ ಬಿಡದೆ ಸಾರ್ವಜನಿಕ ಸೇವೆಗೆ ಒಳಪಟ್ಟಿರಬೇಕೆಂದರು. ಕೋಟ್ಯಂತರ ಜನರಿಗೆ ಊಟ, ಬಟ್ಟೆ, ವಿದ್ಯೆ, ಔಷಧಗಳನ್ನು ಬೇಗನೆ ಒದಗಿಸಲು ಗುಡಿಕೈಗಾರಿಕೆಗಳು ಸಾಲುವವೆ ಎಂದು ಅವರ ಟೀಕಾಕಾರರು ಕೇಳಿದರು. ಆ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ; ಇಂದಿಗೂ ಅದು ವಿಚಾರಾರ್ಹ. ಆದರೆ ಎಷ್ಟು ಉತ್ಪಾದನೆಯಾಯಿತೆಂದು ಕೇಳುವ ಮುನ್ನ ಅದು ಎಷ್ಟು ಕಾಲ ನಡೆಯಬಲ್ಲದು, ಎಷ್ಟು ಕೈಗಳಿಗೆ ಕೆಲಸ ಕೊಟ್ಟಿತು ಎಂದು ಕೇಳಬೇಕೆಂಬ ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

1938ರಲ್ಲಿ ರಚನೆಯಾದ ರಾಷ್ಟ್ರೀಯ ಯೋಜನಾ ಸಮಿತಿಯಲ್ಲಿ ಅವರು ಸದಸ್ಯರಾಗಿದ್ದರು. ಅಲ್ಲಿ ಭಾರಿ ಕೈಗಾರಿಕೆಗಳ ಕಡೆಗೇ ಒಲವು ಇರುವುದನ್ನು ಕಂಡು ಸ್ವಲ್ಪ ಕಾಲದಲ್ಲಿಯೇ ಹೊರಬಂದರು. ಸ್ವಾತಂತ್ರ್ಯ ಬಂದ ಮೇಲೆ ಕಾಂಗ್ರೆಸ್ಸಿನ ಭೂಸುಧಾರಣಾ ಸಮಿತಿಗೆ ಅಧ್ಯಕ್ಷರಾದರು. ಮಧ್ಯವರ್ತಿಗಳು ಹೋಗಬೇಕು, ಉಳುವವನಿಗೆ ಭೂಮಿ ದೊರೆಯಬೇಕು, ಹಿಡುವಳಿಗೆ ಮಿತಿಯಿರಬೇಕು, ಸಣ್ಣ ರೈತರು ಸಹಕಾರದಿಂದ ಬೇಸಾಯ ಮಾಡಬೇಕು ಎಂದು 1949ರಲ್ಲಿ ಸಮಿತಿಯು ವರದಿ ನೀಡಿತು. ಅದರ ಹಲವು ಸಲಹೆಗಳು ಕಾಗದದಲ್ಲಿಯೇ ಉಳಿದುದು ಅವರಿಗೆ ನೋವು ತಂದಿತು. 1951ರಲ್ಲಿ ಚೀನಾ ಮತ್ತು ಜಪಾನ್, 1952ರಲ್ಲಿ ರಷ್ಯಾ ದೇಶಗಳನ್ನು ಸಂದರ್ಶಿಸಿದರು. ಅಲ್ಲಿನ ಭೂಸುಧಾರಣೆಯಲ್ಲಿ ಮೆಚ್ಚತಕ್ಕದ್ದನ್ನು ಮೆಚ್ಚಿದರು. ಆದರೂ ಬಂಡವಾಳಗಾರನ ಕೈಯಲ್ಲಾಗಲಿ ಸರ್ಕಾರದ ಕೈಯಲ್ಲಾಗಲಿ ಸಂಪತ್ತೂ ಅಧಿಕಾರವೂ ಒಂದೆಡೆ ಗುಡ್ಡೆಯಾಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಅವಿವಾಹಿತರಾಗಿಯೇ ಉಳಿದ ಕುಮಾರಪ್ಪನವರು ತಾವು ಬೋಧಿಸಿದಂತೆಯೇ ಬಾಳಿದರು. ವಾರ್ಧಾದ ಸಮೀಪದ ಸೇಲ್ಡೋದಲ್ಲಿ ಬೇಸಾಯದ ಆಶ್ರಮವನ್ನು ಕಟ್ಟಿದರು. ಆರೋಗ್ಯ ಕೆಟ್ಟ ಮೇಲೆ ಮಧುರೆ ಜಿಲ್ಲೆಯ ಟಿ. ಕಲ್ಲುಪಟ್ಟಿಯ ಗಾಂಧಿನಿಕೇತನ ಆಶ್ರಮದಲ್ಲಿ ನೆಲೆಸಿ, ಪುಟ್ಟ ಮನೆಯೊಂದರಲ್ಲಿ ಕೊನೆಯ ವರ್ಷಗಳನ್ನು ಕಳೆದರು. 1960ರ ಜನವರಿ 30ರಂದು ಮದರಾಸಿನಲ್ಲಿ ನಿಧನರಾದರು. ಹನ್ನೆರಡು ವರ್ಷಗಳ ಹಿಂದೆ ಅದೇ ದಿನ ಗಾಂಧೀಜಿಯವರು ಹುತಾತ್ಮರಾಗಿದ್ದರು.

ಬದುಕಿದ್ದಾಗ ಕುಮಾರಪ್ಪನವರ ಮಾತಿಗೆ ಕಿವಿಗೊಟ್ಟವರು ಕಡಿಮೆ. 1973ರಲ್ಲಿ ‘ಸ್ಮಾಲ್ ಈಸ್ ಬ್ಯೂಟಿಫುಲ್’ ಎಂಬ ಗ್ರಂಥವನ್ನು ಪ್ರಕಟಿಸಿದ ಅರ್ಥಶಾಸ್ತ್ರಜ್ಞ ಶೂಮಾಕರ್ ಅವರ ವಿಚಾರವನ್ನು ಆದರದಿಂದ ಸ್ಮರಿಸಿದನು. ಕಲ್ಲಿದ್ದಲು, ಕಲ್ಲೆಣ್ಣೆಗಳ ಹೊಗೆಯಿಂದ ಭೂಮಿಯ ತಾಪವೇ ಏರುತ್ತಿದೆಯೆಂದು ವಿಜ್ಞಾನಿಗಳು ಎಚ್ಚರಿಸುತ್ತಿರುವ ಈ ಕಾಲದಲ್ಲಿ, ಕೂಡಿಟ್ಟ ಸಂಪತ್ತು ಮತ್ತು ಹರಿಯುವ ಸಂಪತ್ತುಗಳ ಭೇದ ಎಲ್ಲ ದೇಶಗಳಿಗೂ ಮುಖ್ಯವಾಗಿದೆ. ಸಂಪಾದಿಸಿದ ವಿದ್ಯೆಯನ್ನು ತನ್ನ ಏಳಿಗೆಗೆ ಬಳಸಿಕೊಳ್ಳುವುದು ಸುಲಭ. ಕುಮಾರಪ್ಪನವರು ಅದೇ ವಿದ್ಯೆಯನ್ನು ಹಿಡಿದು, ಯಾರ ಪುಸ್ತಕದಲ್ಲಿಯೂ ಹೆಸರಿಲ್ಲದ ರೈತ, ಕುಶಲಕರ್ಮಿ, ಮಣ್ಣು, ಮರ, ನೀರು ಇವುಗಳ ಪರವಾಗಿ ಲೆಕ್ಕ ಬರೆದರು. ಮುಂದೆ ಹುಟ್ಟಲಿರುವವರ ಪಾಲನ್ನು ಇಂದೇ ಖರ್ಚು ಮಾಡಿ ಅದನ್ನು ಲಾಭವೆಂದು ಕರೆಯಬಾರದೆಂಬುದು ಆ ಲೆಕ್ಕದ ಕೊನೆಯ ಸಾಲು.